ಮೀನಿನ ಹಿಮರೋಧಕ ಪ್ರೋಟೀನು ಹೃದಯವನ್ನು ಹೆಪ್ಪುಗಟ್ಟಿಸಿ ಕಾಪಾಡಬಲ್ಲುದೇ?

ಪ್ರಶ್ನೆ: ಧ್ರುವಪ್ರದೇಶದ ಮೀನುಗಳ ರಕ್ತದಲ್ಲಿ ಮಂಜುಗಡ್ಡೆಯನ್ನು ತಡೆಯುವ ಪ್ರೋಟೀನುಗಳಿವೆ, ಅವನ್ನು ಬೆರೆಸಿದರೆ ಜೀವಕೋಶಗಳೂ ಅಂಗಾಂಶಗಳೂ ಶೀತಲೀಕರಣದಲ್ಲಿ ಕೆಡುವುದಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಕಸಿಗೆಂದು ತೆಗೆದ ಹೃದಯವನ್ನು ಇಂದಿಗೂ ಗ್ರೀನ್ ಕಾರಿಡಾರ್ ಮಾಡಿ ಗಂಟೆಗಳ ಲೆಕ್ಕದಲ್ಲಿ ಏಕೆ ಸಾಗಿಸಬೇಕು? ಹಸುಗಳ ಕೃತಕ ಗರ್ಭಧಾರಣೆಗೆ ಇಡುವ ವೀರ್ಯದಲ್ಲಾದರೂ ಈ ಪ್ರೋಟೀನನ್ನು ಬಳಸುತ್ತಾರೆಯೇ? ನಾನು ಜೀವವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ನಮ್ಮ ಕಾಲೇಜಿನಲ್ಲಿ ಈ ವಿಷಯದ ಮೇಲೆ ಸಣ್ಣ ಪ್ರಾಜೆಕ್ಟ್ ಮಾಡಲು ಸಾಧ್ಯವೇ?
ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ‘ಹಾಗಿದ್ದರೆ’ ಎಂಬ ಒಂದು ಪದವಿದೆಯಲ್ಲ, ತೊಡಕೆಲ್ಲ ಇರುವುದು ಅಲ್ಲಿ. ಮೀನು ಆ ಪ್ರೋಟೀನಿನಿಂದ ಮಾಡಿಸಿಕೊಳ್ಳುವ ಕೆಲಸ ಒಂದು. ನಾವು ದ್ರವ ಸಾರಜನಕದ ಪಾತ್ರೆಯಲ್ಲಿ ಅದರಿಂದ ಬಯಸುವ ಕೆಲಸ ಇನ್ನೊಂದು. ಮೀನಿಗೆ ಬೇಕಾದದ್ದು ಮೈಯೊಳಗೆ ಮಂಜು ಬೆಳೆಯದಿರುವುದು, ಅದೂ ಸೊನ್ನೆಯ ಕೆಳಗಿನ ಒಂದೆರಡು ಡಿಗ್ರಿಗಳ ಕಿರಿದಾದ ಪಟ್ಟಿಯಲ್ಲಿ ಮಾತ್ರ. ನಮಗೆ ಬೇಕಾದದ್ದು ಮೈನಸ್ 196 ಡಿಗ್ರಿಯವರೆಗೆ ಇಳಿದು, ವರ್ಷಗಟ್ಟಲೆ ಅಲ್ಲಿದ್ದು, ಮತ್ತೆ 37 ಡಿಗ್ರಿಗೆ ಏರಿ ಬಂದ ಮೇಲೂ ಕೋಶ ಬದುಕಿರುವುದು. ಈ ಎರಡು ಕೆಲಸಗಳ ಅಂತರವನ್ನು ಗಮನಿಸದೆ ಪ್ರೋಟೀನನ್ನು ಸುರಿದ ಪ್ರಯೋಗಗಳಲ್ಲಿ ಹಲವು ಸೋತಿವೆ. ಕೆಲವದರಲ್ಲಿ ಪ್ರೋಟೀನೇ ಕೋಶವನ್ನು ಕೊಂದಿದೆ. ಆದರೂ ಈ ದಾರಿ ವ್ಯರ್ಥವೆಂದು ನಾನು ಹೇಳಲಾರೆ. ಅದರ ನಿಜವಾದ ಉಪಯೋಗ ಹೆಸರು ಸೂಚಿಸುವ ಜಾಗದಲ್ಲಿಲ್ಲ, ಅಷ್ಟೆ.

ಮೊದಲು ಮೀನಿನ ವಿಷಯ. ಸಮುದ್ರದ ನೀರು ಉಪ್ಪಿನ ಕಾರಣದಿಂದ ಸುಮಾರು ಮೈನಸ್ 1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಮೂಳೆಮೀನುಗಳ ರಕ್ತದಲ್ಲಿ ಅಷ್ಟು ಉಪ್ಪಿಲ್ಲ, ಹಾಗಾಗಿ ಅದು ಸುಮಾರು ಮೈನಸ್ 0.7 ಡಿಗ್ರಿಯಲ್ಲೇ ಗಟ್ಟಿಯಾಗಬೇಕು. ಅಂದರೆ ಮಂಜು ತೇಲುವ ಸಮುದ್ರದಲ್ಲಿ ಈಜುವ ಮೀನು ಲೆಕ್ಕದ ಪ್ರಕಾರ ಕಲ್ಲಾಗಿರಬೇಕು. 1950ರ ದಶಕದಲ್ಲಿ ಪರ್ ಶೋಲಾಂಡರ್ ಮತ್ತು ಅವರ ಸಂಗಡಿಗರು ಕೆನಡಾದ ಲ್ಯಾಬ್ರಡಾರ್ ತೀರದ ಹೆಬ್ರಾನ್ ಕೊಲ್ಲಿಯಲ್ಲಿ ಈ ಒಗಟನ್ನು ಎದುರಿಸಿದರು. ಆಳದ ನೀರಿನಲ್ಲಿದ್ದ ಮೀನುಗಳು ಅತಿಶೀತಲ ಸ್ಥಿತಿಯಲ್ಲಿ ಬದುಕಿದ್ದವು. ಮೈಯೆಲ್ಲ ಹೆಪ್ಪುಬಿಂದುವಿಗಿಂತ ತಣ್ಣಗಿದ್ದರೂ ಅಲ್ಲಿ ಮಂಜಿನ ಚೂರೇ ಇಲ್ಲದ್ದರಿಂದ ಹೆಪ್ಪುಗಟ್ಟುವಿಕೆ ಆರಂಭವಾಗಿರಲಿಲ್ಲ. ಅವಕ್ಕೆ ಮಂಜಿನ ತುಣುಕು ತಗುಲಿಸಿದೊಡನೆ ಹೆಪ್ಪುಗಟ್ಟಿ ಸತ್ತವು. ಮೇಲ್ಭಾಗದ ನೀರಿನಲ್ಲಿ ಮಂಜಿನ ಪಕ್ಕದಲ್ಲೇ ಈಜುವ ಮೀನುಗಳ ರಕ್ತದಲ್ಲಿ ಮಾತ್ರ ಬೇರೇನೋ ಇತ್ತು.

ಆ ‘ಬೇರೇನೋ’ ಏನೆಂಬುದನ್ನು ತೋರಿಸಿದವರು ಆರ್ಥರ್ ಡಿವ್ರೀಸ್. 1960ರ ದಶಕದ ಆರಂಭದಲ್ಲಿ ವಿದ್ಯಾರ್ಥಿಯಾಗಿ ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ನೆಲೆಗೆ ಹೋದ ಅವರು ಅಲ್ಲಿನ ನೋಟೋಥೀನಿಯಾಯ್ಡ್ ಮೀನುಗಳ ರಕ್ತದಿಂದ ಒಂದು ಗ್ಲೈಕೊಪ್ರೋಟೀನನ್ನು, ಅಂದರೆ ಸಕ್ಕರೆ ಅಂಟಿದ ಪ್ರೋಟೀನನ್ನು ಬೇರ್ಪಡಿಸಿ, 1969ರಲ್ಲಿ ಡೊನಾಲ್ಡ್ ವೋಲ್ಶ್ಲಾಗ್ ಜೊತೆ ಪ್ರಕಟಿಸಿದರು. ಅದರ ರಚನೆ ಅಚ್ಚರಿಯೆನಿಸುವಷ್ಟು ಸರಳ: ಎರಡು ಅಲನೀನ್, ಒಂದು ಥ್ರಿಯೋನೀನ್ ಎಂಬ ಅಮೈನೊ ಆಮ್ಲಗಳು, ಆ ಥ್ರಿಯೋನೀನಿಗೆ ಅಂಟಿದ ಒಂದು ಜೋಡಿ ಸಕ್ಕರೆ, ಇದೇ ಮಣಿಸರದಂತೆ ಮತ್ತೆ ಮತ್ತೆ ಬರುತ್ತದೆ. ಆಮೇಲೆ ವಿಂಟರ್ ಫ್ಲೌಂಡರ್, ಸೀ ರೇವನ್, ಓಶನ್ ಪೌಟ್ ಮೊದಲಾದ ಮೀನುಗಳಲ್ಲಿ ಆಕಾರದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಬೇರೆ ಬೇರೆ ಹಿಮರೋಧಕಗಳು ಸಿಕ್ಕವು. ಹಿಟ್ಟಿನ ಹುಳುವಿನಲ್ಲಿ, ಕ್ಯಾರೆಟ್ಟಿನ ಬೇರಿನಲ್ಲಿ, ಚಳಿಗಾಲದ ರೈ ಧಾನ್ಯದ ಎಲೆಯಲ್ಲಿ ಕೂಡ ಸಿಕ್ಕವು. ಅಂಟಾರ್ಕ್ಟಿಕಾದ ಮೀನಿನ ವಂಶವಾಹಿಯು ಜೀರ್ಣಕಾರಿ ಕಿಣ್ವವೊಂದರ, ಅಂದರೆ ಟ್ರಿಪ್ಸಿನೋಜನ್‌ನ ವಂಶವಾಹಿಯಿಂದ ರೂಪುಗೊಂಡದ್ದೆಂದೂ, ಉತ್ತರ ಧ್ರುವದ ಕಾಡ್ ಮೀನು ಹೆಚ್ಚುಕಡಿಮೆ ಅದೇ ಪ್ರೋಟೀನನ್ನು ಸಂಪೂರ್ಣ ಬೇರೆ ಮೂಲದಿಂದ ಪಡೆಯಿತೆಂದೂ 1997ರಲ್ಲಿ ತಿಳಿಯಿತು. ಎರಡು ಧ್ರುವಗಳ ಮೀನುಗಳು ಒಂದೇ ಉತ್ತರಕ್ಕೆ ಬೇರೆ ಬೇರೆ ದಾರಿಯಲ್ಲಿ ಬಂದು ನಿಂತ ಈ ಸಂಗತಿ ನನ್ನ ಮಟ್ಟಿಗೆ ಜೀವವಿಕಾಸದ ಅತಿ ಸುಂದರ ಉದಾಹರಣೆಗಳಲ್ಲಿ ಒಂದು.

ಈಗ ಅದು ಕೆಲಸ ಮಾಡುವ ಬಗೆ. ನೀರಿಗೆ ಉಪ್ಪು ಬೆರೆಸಿದರೆ ಹೆಪ್ಪುಬಿಂದು ಇಳಿಯುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ಕರಗಿದ ಕಣಗಳ ಸಂಖ್ಯೆ ಮಾತ್ರ. ಹಿಮರೋಧಕ ಪ್ರೋಟೀನು ಹಾಗಲ್ಲ. ಕಣಗಳ ಲೆಕ್ಕದಲ್ಲಿ ನೋಡಿದರೆ ಅದರ ಪರಿಣಾಮ ಉಪ್ಪಿಗಿಂತ ನೂರಾರು ಪಟ್ಟು ಹೆಚ್ಚು, ಏಕೆಂದರೆ ಅದು ನೀರಿನ ಮೇಲಲ್ಲ, ಮಂಜಿನ ಹರಳಿನ ಮೇಲೆಯೇ ಹೋಗಿ ಕೂರುತ್ತದೆ. 1977ರಲ್ಲಿ ಜೇಮ್ಸ್ ರೇಮಂಡ್ ಮತ್ತು ಡಿವ್ರೀಸ್ ಕೊಟ್ಟ ವಿವರಣೆಯೇ ಇಂದಿಗೂ ಆಧಾರ. ಪ್ರೋಟೀನುಗಳು ಹರಳಿನ ಮೈಮೇಲೆ ಅಲ್ಲಲ್ಲಿ ಗೂಟ ಹೊಡೆದಂತೆ ಅಂಟಿಕೊಳ್ಳುತ್ತವೆ. ಮಂಜು ಬೆಳೆಯಬೇಕಾದರೆ ಈ ಗೂಟಗಳ ನಡುವಿನ ಜಾಗದಲ್ಲಿ ಮಾತ್ರ ಬೆಳೆಯಬೇಕು. ಗೂಟಗಳಿಗೆ ಬಿಗಿದ ಶಾಮಿಯಾನದ ಬಟ್ಟೆ ಗಾಳಿಗೆ ನಡುನಡುವೆ ಉಬ್ಬುವಂತೆ ಹರಳಿನ ಮೈ ಉಬ್ಬುತ್ತದೆ. ಹೀಗೆ ಉಬ್ಬಿದ ಮೈಗೆ ನೀರಿನ ಇನ್ನೊಂದು ಅಣುವನ್ನು ಸೇರಿಸಿಕೊಳ್ಳುವುದು ಸಪಾಟಾದ ಮೈಗಿಂತ ದುಬಾರಿ, ಆದ್ದರಿಂದ ಬೆಳವಣಿಗೆ ನಿಲ್ಲುತ್ತದೆ. ಕರಗುವ ಬಿಂದು ಮಾತ್ರ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಕರಗುವ ಬಿಂದುವಿಗೂ ಹರಳು ಮತ್ತೆ ಬೆಳೆಯತೊಡಗುವ ಬಿಂದುವಿಗೂ ನಡುವೆ ಉಂಟಾಗುವ ಈ ಅಂತರವನ್ನು ಥರ್ಮಲ್ ಹಿಸ್ಟರಿಸಿಸ್ ಎನ್ನುತ್ತಾರೆ. ಮೀನಿನ ಪ್ರೋಟೀನುಗಳಲ್ಲಿ ಇದು ಸುಮಾರು ಒಂದು, ಒಂದೂವರೆ ಡಿಗ್ರಿ. ಕೆಲವು ಕೀಟಗಳಲ್ಲಿ ಐದಾರು ಡಿಗ್ರಿಯವರೆಗೂ ಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ಅಂತರದೊಳಗೆ ಹರಳು ಸುಮ್ಮನಿರುತ್ತದೆ. ಅದನ್ನು ದಾಟಿ ತಾಪ ಇನ್ನೂ ಇಳಿದರೆ ತಡೆಹಿಡಿದಿದ್ದ ಬೆಳವಣಿಗೆ ಒಮ್ಮೆಲೇ ಸಿಡಿಯುತ್ತದೆ. ಮೀನಿನ ಪ್ರೋಟೀನುಗಳು ಸಾಮಾನ್ಯವಾಗಿ ಹರಳಿನ ಪಕ್ಕದ ಮುಖಗಳಿಗೆ ಅಂಟಿಕೊಂಡು, ತಳಮುಖವನ್ನು ಬಿಟ್ಟುಬಿಡುತ್ತವೆ. ಹಾಗಾಗಿ ಸಿಡಿದ ಮಂಜು ಎಲ್ಲ ಕಡೆಗೂ ಹರಡದೆ ಆ ಒಂದೇ ದಿಕ್ಕಿನಲ್ಲಿ ಸೂಜಿಗಳಾಗಿ ನುಗ್ಗುತ್ತದೆ. ಶೀತಲ ಪೀಠವಿರುವ ಸೂಕ್ಷ್ಮದರ್ಶಕದಲ್ಲಿ ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ: ಮಿಸುಕಾಡದೆ ಕುಳಿತಿದ್ದ ಪುಟ್ಟ ಹರಳು ಕಣ್ಣು ಮಿಟುಕಿಸುವಷ್ಟರಲ್ಲಿ ಈಟಿಗಳ ಕಟ್ಟಾಗಿಬಿಡುತ್ತದೆ. ಸಮುದ್ರ ಮೈನಸ್ 1.9ಕ್ಕಿಂತ ತಣ್ಣಗಾಗದ ಕಾರಣ ಮೀನು ಈ ಗಡಿಯನ್ನು ದಾಟುವುದೇ ಇಲ್ಲ. ನಾವು ದಾಟುತ್ತೇವೆ.

ಹಾಗಾದರೆ ಶೀತಲೀಕರಣದಲ್ಲಿ ಕೋಶಗಳು ಸಾಯುವುದೇಕೆ? ಫ್ರೀಜರಿನಲ್ಲಿಟ್ಟ ಟೊಮೆಟೊ ಹೊರತೆಗೆದಾಗ ನೀರು ಬಿಟ್ಟು ಜೋತುಬೀಳುವುದನ್ನು ಕಂಡವರೆಲ್ಲ, ಮಂಜು ಚುಚ್ಚಿ ಕೋಶ ಒಡೆಯಿತು ಎಂದುಕೊಳ್ಳುತ್ತಾರೆ. ಅದು ಅರ್ಧ ಕಾರಣ. ಕೋಶಗಳ ಸುತ್ತಲಿನ ದ್ರವದಲ್ಲಿ ಮೊದಲು ಮಂಜು ಮೂಡಿದಾಗ ಶುದ್ಧ ನೀರು ಮಾತ್ರ ಹರಳಾಗುತ್ತದೆ. ಉಪ್ಪೆಲ್ಲ ಉಳಿದ ದ್ರವದಲ್ಲಿ ಸೇರಿ ಅದು ಗಾಢವಾಗುತ್ತ ಹೋಗುತ್ತದೆ. ಉಪ್ಪಿನಕಾಯಿಗೆ ಉಪ್ಪು ಬೆರೆಸಿಟ್ಟ ಮಾವಿನ ಹೋಳು ನೀರು ಬಿಟ್ಟು ಮುದುಡುವಂತೆ ಕೋಶವೂ ನೀರು ಕಳೆದುಕೊಂಡು ಕುಗ್ಗುತ್ತದೆ. ತೀರ ನಿಧಾನವಾಗಿ ತಣಿಸಿದರೆ ಈ ಉಪ್ಪಿನ ಸೆರೆಯಲ್ಲಿ ಹೆಚ್ಚು ಹೊತ್ತು ಸಿಕ್ಕಿ ಸಾಯುತ್ತದೆ. ತೀರ ಬೇಗ ತಣಿಸಿದರೆ ನೀರು ಹೊರಬರಲು ಸಮಯ ಸಿಗದೆ ಕೋಶದ ಒಳಗೇ ಮಂಜು ಮೂಡಿ ಸಾಯುತ್ತದೆ. ಈ ಎರಡರ ನಡುವೆ ಪ್ರತಿಯೊಂದು ಬಗೆಯ ಕೋಶಕ್ಕೂ ಅದರದೇ ಆದ ಹದವಾದ ವೇಗವಿದೆ ಎಂಬುದನ್ನು 1970ರ ದಶಕದ ಆರಂಭದಲ್ಲಿ ಪೀಟರ್ ಮಾಜುರ್ ಸ್ಪಷ್ಟಪಡಿಸಿದರು. ಸಸ್ತನಿಗಳ ಅನೇಕ ಕೋಶಗಳಿಗೆ ಅದು ನಿಮಿಷಕ್ಕೆ ಸುಮಾರು 1 ಡಿಗ್ರಿ. ಕೆಂಪು ರಕ್ತಕಣಕ್ಕೆ ಅದಕ್ಕಿಂತ ಬಹಳ ಹೆಚ್ಚು.

ಹದ ತಿಳಿದರೂ ಸಾಲದು, ಜೊತೆಗೆ ಒಂದು ಶೈತ್ಯರಕ್ಷಕ ದ್ರವ್ಯ ಬೇಕು. 1949ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಕ್ರಿಸ್ಟೊಫರ್ ಪೋಲ್ಜ್, ಆಡ್ರಿ ಸ್ಮಿತ್, ಅಲನ್ ಪಾರ್ಕ್ಸ್ ಅವರು ಹುಂಜದ ವೀರ್ಯಾಣುಗಳನ್ನು ಗ್ಲಿಸರಾಲಿನಲ್ಲಿ ಹೆಪ್ಪುಗಟ್ಟಿಸಿ ಬದುಕಿಸಿದರು. ಸೀಸೆಯ ಚೀಟಿ ಅದಲುಬದಲಾಗಿ, ಸಕ್ಕರೆಯ ದ್ರಾವಣವೆಂದುಕೊಂಡು ಬಳಸಿದ್ದರಲ್ಲಿ ಗ್ಲಿಸರಾಲ್ ಇದ್ದದ್ದೇ ಆ ಶೋಧಕ್ಕೆ ಕಾರಣವಾಯಿತು. 1959ರಲ್ಲಿ ಡೈಮೀಥೈಲ್ ಸಲ್ಫಾಕ್ಸೈಡ್ ಬಂತು. ಇವು ಕೋಶದೊಳಗೆ ನುಗ್ಗಿ, ಉಪ್ಪಿನ ಗಾಢತೆಯನ್ನು ತಗ್ಗಿಸಿ, ಮಂಜಿನ ಪ್ರಮಾಣವನ್ನೇ ಕಡಿಮೆ ಮಾಡುತ್ತವೆ. ಹಿಮರೋಧಕ ಪ್ರೋಟೀನು ಇದ್ಯಾವುದನ್ನೂ ಮಾಡುವುದಿಲ್ಲ. ಅದು ದೊಡ್ಡ ಅಣು, ತಾನಾಗಿ ಕೋಶದೊಳಗೆ ಹೋಗದು. ಮೈನಸ್ 20ರಲ್ಲಿ ಎಷ್ಟು ನೀರು ಮಂಜಾಗಬೇಕೋ ಅಷ್ಟೂ ಆಗಿಯೇ ತೀರುತ್ತದೆ. ಗ್ಲಿಸರಾಲನ್ನು ತೆಗೆದು ಅದರ ಜಾಗದಲ್ಲಿ ಈ ಪ್ರೋಟೀನನ್ನು ಹಾಕಿ ಫಲ ಬಯಸುವುದು ಆದ್ದರಿಂದಲೇ ತಪ್ಪು ಎಣಿಕೆ.

ಅದು ಮಾಡುವ ಕೆಲಸ ಬೇರೆ ಇದೆ, ಅದು ಕರಗಿಸುವಾಗಿನದು. ಕರೆಂಟು ಹೋಗಿ ಬಂದ ಮೇಲೆ ಫ್ರಿಜ್ಜಿನಲ್ಲಿದ್ದ ಐಸ್‌ಕ್ರೀಮು ಮರಳು ಮರಳಾಗಿರುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಹೊಸ ನೀರೇನೂ ಸೇರಿಲ್ಲ. ಇದ್ದ ಮಂಜೇ ಮರುವಿಂಗಡಣೆಯಾಗಿದೆ. ಸಣ್ಣ ಹರಳುಗಳ ಮೈ ಹೆಚ್ಚು ಬಾಗಿರುವುದರಿಂದ ಅವು ಅಸ್ಥಿರ. ಅವು ಕರಗಿ, ಆ ನೀರು ದೊಡ್ಡ ಹರಳುಗಳನ್ನು ಸೇರಿ, ದೊಡ್ಡವು ಇನ್ನೂ ದೊಡ್ಡವಾಗುತ್ತವೆ. ಇದು ಮರುಸ್ಫಟಿಕೀಕರಣ. ಹೆಪ್ಪುಗಟ್ಟಿಸಿದ ಕೋಶಗಳನ್ನು ಹೊರತೆಗೆದಾಗ ಸುಮಾರು ಮೈನಸ್ 130 ಡಿಗ್ರಿಯ ಮೇಲೆ ಈ ಕ್ರಿಯೆ ಸಾಧ್ಯವಾಗಿ, ಕರಗುವ ಬಿಂದು ಹತ್ತಿರವಾದಷ್ಟೂ ಬಿರುಸಾಗುತ್ತದೆ. ತಣಿಸುವಾಗ ಕೋಶದೊಳಗೆ ಮೂಡಿದ್ದ, ಅಪಾಯವಿಲ್ಲದಷ್ಟು ಸಣ್ಣ ಮಂಜಿನ ಕಣಗಳು ಈ ಹಾದಿಯಲ್ಲಿ ಬೆಳೆದು ಪೊರೆಯನ್ನು ಹರಿಯುತ್ತವೆ. ಚಾರ್ಲ್ಸ್ ನೈಟ್ ಮತ್ತು ಡಿವ್ರೀಸ್ ಅವರ ತಂಡ 1984ರಲ್ಲಿ ತೋರಿಸಿದಂತೆ, ಮೀನಿನ ಪ್ರೋಟೀನು ಅತ್ಯಲ್ಪ ಪ್ರಮಾಣದಲ್ಲಿದ್ದರೂ ಈ ಮರುಸ್ಫಟಿಕೀಕರಣವನ್ನು ನಿಲ್ಲಿಸುತ್ತದೆ. ಹೆಪ್ಪುಬಿಂದುವನ್ನು ಗಮನಾರ್ಹವಾಗಿ ಇಳಿಸಲು ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣ ಅದಕ್ಕೆ ಸಾಕು. ರೈ ಮತ್ತು ಕ್ಯಾರೆಟ್ಟಿನ ಪ್ರೋಟೀನುಗಳ ಥರ್ಮಲ್ ಹಿಸ್ಟರಿಸಿಸ್ ತೀರ ಕಡಿಮೆ, ಆದರೆ ಈ ಕೆಲಸದಲ್ಲಿ ಅವು ನಿಪುಣ; ಗಿಡದ ಅಂಗಾಂಶದಲ್ಲಿ ಮಂಜು ಹೇಗೂ ಕಟ್ಟುತ್ತದೆ, ಅಲ್ಲಿ ಬೇಕಿರುವುದು ಹರಳು ಸಣ್ಣದಾಗಿಯೇ ಉಳಿಯುವುದು. ‘ಹಿಮರೋಧಕ’ ಎಂಬ ಹೆಸರಿಗಿಂತ ‘ಹಿಮಬಂಧಕ’ ಎಂಬುದೇ ಹೆಚ್ಚು ಸರಿಯೆಂದು ಈ ಕ್ಷೇತ್ರದ ಹಲವರು ಹೇಳುವುದು ಇದಕ್ಕಾಗಿ, ನಾನೂ ಅದನ್ನೇ ಒಪ್ಪುತ್ತೇನೆ. ಓಶನ್ ಪೌಟ್ ಮೀನಿನ ಪ್ರೋಟೀನನ್ನು ಯೀಸ್ಟಿನಲ್ಲಿ ತಯಾರಿಸಿ ಐಸ್‌ಕ್ರೀಮಿಗೆ ಬೆರೆಸಲು 2009ರಲ್ಲಿ ಯುರೋಪಿನ ಒಕ್ಕೂಟ ಅನುಮತಿ ಕೊಟ್ಟದ್ದೂ ಇದೇ ಗುಣಕ್ಕಾಗಿ.

ಪ್ರಮಾಣದ ವಿಷಯದಲ್ಲಿ ನಾನು ವಿದ್ಯಾರ್ಥಿಗಳಿಗೆ ಮೊದಲು ಓದಿಸುವುದು 1992ರಲ್ಲಿ ಜಾನ್ ಕಾರ್ಪೆಂಟರ್ ಮತ್ತು ಥಾಮಸ್ ಹ್ಯಾನ್ಸೆನ್ ಪ್ರಕಟಿಸಿದ ಕೆಂಪು ರಕ್ತಕಣಗಳ ಪ್ರಯೋಗವನ್ನು. ವಿಂಟರ್ ಫ್ಲೌಂಡರ್ ಪ್ರೋಟೀನನ್ನು ಕಡಿಮೆ ಪ್ರಮಾಣದಲ್ಲಿ ಬೆರೆಸಿದಾಗ, ಕರಗಿಸುವಾಗಿನ ಮರುಸ್ಫಟಿಕೀಕರಣ ನಿಂತು ಹೆಚ್ಚು ಕಣಗಳು ಉಳಿದವು. ಪ್ರಮಾಣ ಹೆಚ್ಚಿಸಿದಾಗ ಫಲ ತಿರುಗಿಬಿದ್ದಿತು: ಕಣಗಳ ಸುತ್ತ ಸೂಜಿಯಂತಹ ಮಂಜು ಬೆಳೆದು ಅವು ಒಡೆದವು. ಒಂದೇ ಪದಾರ್ಥ, ಒಂದೇ ಕೋಶ, ಎರಡು ವಿರುದ್ಧ ಫಲಿತಾಂಶ. ಇದಕ್ಕೆ ಮುಂಚೆಯೂ ನಂತರವೂ ಬಂದ ಎಷ್ಟೋ ವಿರೋಧಾಭಾಸದ ವರದಿಗಳನ್ನು ಈ ಒಂದು ಪ್ರಯೋಗವನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಗೊಂದಲ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಸೂಜಿಗಳ ಈ ಕೊಲ್ಲುವ ಗುಣವನ್ನೇ ಬೋರಿಸ್ ರುಬಿನ್ಸ್ಕಿ ಅವರ ಗುಂಪು ಗಡ್ಡೆಗಳನ್ನು ಹೆಪ್ಪುಗಟ್ಟಿಸಿ ನಾಶಮಾಡುವ ಶಸ್ತ್ರಚಿಕಿತ್ಸೆಗೆ ನೆರವಾಗಿ ಪರೀಕ್ಷಿಸಿತು; ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲೆ ಅದು ಫಲ ಕೊಟ್ಟಿತು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಹೃದಯದ್ದು. ಮಂಜಿನ ತಂಪಿನಲ್ಲಿ, ಅಂದರೆ ಸುಮಾರು 4 ಡಿಗ್ರಿಯಲ್ಲಿ ಇಟ್ಟ ಹೃದಯ ಕಸಿಗೆ ಯೋಗ್ಯವಾಗಿರುವುದು ನಾಲ್ಕರಿಂದ ಆರು ಗಂಟೆ. ಮೂತ್ರಪಿಂಡ ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಹೆಚ್ಚು ತಾಳುತ್ತದೆ. ಬೆಂಗಳೂರಿನ ರಸ್ತೆಗಳಲ್ಲಿ ಆಂಬುಲೆನ್ಸಿಗೆ ದಾರಿ ಬಿಡಿಸಿ ವಿಮಾನನಿಲ್ದಾಣಕ್ಕೆ ಧಾವಿಸುವುದು ಈ ಗಡಿಯಾರದ ಕಾರಣದಿಂದ. 1994ರಲ್ಲಿ ಅಂಟಾರ್ಕ್ಟಿಕಾ ಮೀನಿನ ಗ್ಲೈಕೊಪ್ರೋಟೀನುಗಳನ್ನು ಇಲಿಯ ಹೃದಯದ ಮೇಲೆ ಪ್ರಯೋಗಿಸಿದ ತಂಡವೊಂದು, ಅವು ಹೆಪ್ಪುಗಟ್ಟಿಸಿದ ಹೃದಯವನ್ನು ಕಾಪಾಡಲಿಲ್ಲವೆಂದು ನೇರವಾಗಿ ವರದಿ ಮಾಡಿತು. ಆ ತಂಡದಲ್ಲಿ ಸ್ವತಃ ಡಿವ್ರೀಸ್ ಇದ್ದರು. ತಾವೇ ಕಂಡುಹಿಡಿದ ಪದಾರ್ಥದ ಸೋಲನ್ನು ಹೀಗೆ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. ಹತ್ತು ವರ್ಷಗಳ ನಂತರ ಇಸ್ರೇಲಿನ ಗೈ ಅಮೀರ್ ಮತ್ತು ರುಬಿನ್ಸ್ಕಿ ಮೊದಲಾದವರು ಬೇರೆ ರೀತಿಯಲ್ಲಿ ಯೋಚಿಸಿದರು. ಅವರು ಹೃದಯವನ್ನು ಹೆಪ್ಪುಗಟ್ಟಿಸಲು ಹೋಗಲಿಲ್ಲ. ಮೀನಿನ ಪ್ರೋಟೀನು ಸೇರಿಸಿದ ದ್ರವದಲ್ಲಿ ಮೈನಸ್ 1.3 ಡಿಗ್ರಿಯಲ್ಲಿ, ಮಂಜುಗಟ್ಟದಂತೆ, ಇಲಿಯ ಹೃದಯಗಳನ್ನು 24 ಗಂಟೆಗಳವರೆಗೆ ಇಟ್ಟು ಇನ್ನೊಂದು ಇಲಿಗೆ ಕಸಿ ಮಾಡಿದಾಗ ಅವು ಮಿಡಿದವು. ಎರಡು ಪ್ರಯೋಗಗಳ ವ್ಯತ್ಯಾಸವನ್ನು ಗಮನಿಸಿ: ಗೆದ್ದದ್ದು ಮೀನಿನ ಕಿರಿದಾದ ಪಟ್ಟಿಯೊಳಗೆ ಉಳಿದ ಪ್ರಯೋಗ. ತಾಪ ಇಳಿದಷ್ಟೂ ಕೋಶದ ಉಸಿರಾಟ ನಿಧಾನವಾಗುವುದರಿಂದ 4 ಡಿಗ್ರಿಯಿಂದ ಐದಾರು ಡಿಗ್ರಿ ಕೆಳಗಿಳಿಯುವುದೂ ಸಣ್ಣ ಲಾಭವಲ್ಲ.

ಆದರೆ ಇಲಿಯ ಹೃದಯ ಒಂದು ಗ್ರಾಮಿನ ಆಸುಪಾಸು, ಮನುಷ್ಯನದು ಸುಮಾರು 300 ಗ್ರಾಂ. ದೊಡ್ಡ ಅಂಗದ ಒಳಭಾಗವೂ ಹೊರಭಾಗವೂ ಒಂದೇ ವೇಗದಲ್ಲಿ ತಣಿಯುವುದಿಲ್ಲ, ಒಂದೇ ವೇಗದಲ್ಲಿ ಬಿಸಿಯಾಗುವುದೂ ಇಲ್ಲ. ಅಂಗದಲ್ಲಿರುವ ಹತ್ತಾರು ಬಗೆಯ ಕೋಶಗಳಿಗೆ ಮಾಜುರ್ ಹೇಳಿದ ಹದವಾದ ವೇಗವೂ ಒಂದೇ ಅಲ್ಲ. ಕೋಶಗಳ ನಡುವಿನ ಸೂಕ್ಷ್ಮ ರಕ್ತನಾಳಗಳಲ್ಲಿ ಮಂಜು ಕಟ್ಟಿದರೆ, ಕೋಶಗಳು ಬದುಕಿದ್ದರೂ ರಕ್ತ ಹರಿಯುವ ದಾರಿ ಹರಿದುಹೋಗಿರುತ್ತದೆ. ಹೀಗಾಗಿ ದೊಡ್ಡ ಅಂಗಗಳ ವಿಷಯದಲ್ಲಿ ಇಂದು ಹೆಚ್ಚು ಭರವಸೆ ಕಾಣುತ್ತಿರುವುದು ಮಂಜನ್ನೇ ತಪ್ಪಿಸುವ ಎರಡು ಮಾರ್ಗಗಳಲ್ಲಿ. ಒಂದು ಅತಿಶೀತಲ ಸಂಗ್ರಹ: ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ 2014ರಲ್ಲಿ ಇಲಿಯ ಯಕೃತ್ತುಗಳನ್ನು ಮೈನಸ್ 6 ಡಿಗ್ರಿಯಲ್ಲಿ ಮೂರು-ನಾಲ್ಕು ದಿನ, 2019ರಲ್ಲಿ ಮನುಷ್ಯರ ಯಕೃತ್ತುಗಳನ್ನು ಮೈನಸ್ 4 ಡಿಗ್ರಿಯಲ್ಲಿ 27 ಗಂಟೆ ಇಟ್ಟು ತೋರಿಸಿತು. ಇನ್ನೊಂದು ಗಾಜುಗಟ್ಟಿಸುವಿಕೆ, ಅಂದರೆ ವಿಟ್ರಿಫಿಕೇಶನ್: ಶೈತ್ಯರಕ್ಷಕಗಳ ಗಾಢ ದ್ರಾವಣವನ್ನು ತುಂಬಿ, ಹರಳು ಮೂಡಲು ಅವಕಾಶವಿಲ್ಲದ ವೇಗದಲ್ಲಿ ತಣಿಸಿ, ನೀರನ್ನು ಗಾಜಿನಂತೆ ಗಟ್ಟಿಮಾಡುವುದು. 1985ರಲ್ಲಿ ವಿಲಿಯಂ ರಾಲ್ ಮತ್ತು ಗ್ರೆಗರಿ ಫಾಹಿ ಇಲಿಯ ಭ್ರೂಣಗಳಲ್ಲಿ ಸಾಧಿಸಿದ ಈ ವಿಧಾನವನ್ನೇ ಇಂದು ಬಂಜೆತನ ಚಿಕಿತ್ಸಾಲಯಗಳು ಅಂಡಾಣು ಮತ್ತು ಭ್ರೂಣಗಳಿಗೆ ಬಳಸುತ್ತವೆ. ಅಂಗಗಳಲ್ಲಿ ಅಡ್ಡಿಯಾಗಿದ್ದದ್ದು ಬಿಸಿಮಾಡುವ ಹಂತ. ನಿಧಾನವಾದರೆ ಗಾಜಿನೊಳಗೆ ಹರಳು ಮೂಡುತ್ತದೆ, ಏರುಪೇರಾದರೆ ಅಂಗವೇ ಬಿರುಕು ಬಿಡುತ್ತದೆ. 2023ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ತಂಡ ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳನ್ನು ರಕ್ತನಾಳಗಳಲ್ಲಿ ತುಂಬಿ, ಕಾಂತಕ್ಷೇತ್ರದಿಂದ ಅವನ್ನು ಏಕಪ್ರಕಾರವಾಗಿ ಕಾಯಿಸಿ, 100 ದಿನಗಳವರೆಗೆ ಗಾಜುಗಟ್ಟಿಸಿ ಇಟ್ಟಿದ್ದ ಇಲಿಯ ಮೂತ್ರಪಿಂಡಗಳನ್ನು ಕಸಿಮಾಡಿ ಯಶಸ್ಸು ಕಂಡಿತು. ಈ ಸಾಧನೆಗಳ ಹಿಂದೆ ಹಿಮರೋಧಕ ಪ್ರೋಟೀನು ಇರಲಿಲ್ಲ. ಮುಂದೆ ಬಿಸಿಮಾಡುವ ಹಂತದಲ್ಲಿ ಸಹಾಯಕವಾಗಿ ಅದಕ್ಕೆ ಜಾಗವಿದೆ ಎಂಬುದು ನನ್ನ ನಂಬಿಕೆ, ನಾಯಕನ ಜಾಗವಲ್ಲ.

ಅಂಗಗಳನ್ನು ಬಿಟ್ಟು ಬಿಡಿ ಕೋಶಗಳಿಗೆ ಬಂದರೆ ಪರಿಸ್ಥಿತಿ ಹೆಚ್ಚು ಆಶಾದಾಯಕ, ಮತ್ತು ನಮ್ಮ ನಾಡಿಗೆ ಹೆಚ್ಚು ಹತ್ತಿರ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆಯಿದೆ. ಇಂತಹ ಕೇಂದ್ರಗಳಲ್ಲಿ ವೀರ್ಯವನ್ನು ಮೊಟ್ಟೆಯ ಹಳದಿ ಹಾಗೂ ಗ್ಲಿಸರಾಲ್ ಇರುವಂತಹ ದ್ರಾವಣದೊಂದಿಗೆ ಬೆರೆಸಿ, 0.25 ಮಿಲಿಲೀಟರಿನ ಸ್ಟ್ರಾಗಳಲ್ಲಿ ತುಂಬಿ, ದ್ರವ ಸಾರಜನಕದಲ್ಲಿ ಇಡುವುದು ವಾಡಿಕೆ. ಈಗಿನ ಪದ್ಧತಿಯಲ್ಲಿ ಹಿಮರೋಧಕ ಪ್ರೋಟೀನು ಸೇರಿಲ್ಲ. ಟಗರು, ಹೋರಿ, ಎಮ್ಮೆಕೋಣಗಳ ವೀರ್ಯದ ಮೇಲೆ ಅದನ್ನು ಪರೀಕ್ಷಿಸಿದ್ದಾರೆ. ಸೂಕ್ತವಾದ ಅಲ್ಪ ಪ್ರಮಾಣದಲ್ಲಿ ಕರಗಿಸಿದ ನಂತರದ ಚಲನೆ ಸುಧಾರಿಸಿದ ವರದಿಗಳಿವೆ. ಚಲನೆ ಸುಧಾರಿಸಿತೆಂದರೆ ಹಸು ಗಬ್ಬವಾಯಿತೆಂದಲ್ಲ, ಆದ್ದರಿಂದ ಅಂತಹ ವರದಿಗಳಲ್ಲಿ ಗರ್ಭಧಾರಣೆಯ ಅಂಕಿಯನ್ನು ಹುಡುಕಿ ನೋಡುವುದು ಒಳ್ಳೆಯದು.

ಆದರೂ ನನಗೆ ಈ ಬಳಕೆಯಲ್ಲಿ ವಿಶೇಷ ಆಸಕ್ತಿಯಿರುವುದಕ್ಕೆ ಒಂದು ಕಾರಣವಿದೆ. ಹಳ್ಳಿಗೆ ಬರುವ ಸಾರಜನಕದ ಪಾತ್ರೆಯಿಂದ ಒಂದು ಸ್ಟ್ರಾ ಹೊರತೆಗೆಯಲು ಇಡೀ ಕಟ್ಟನ್ನು ಪಾತ್ರೆಯ ಕುತ್ತಿಗೆಯವರೆಗೆ ಎತ್ತುತ್ತಾರೆ. ಬೇಕಾದ ಹೋರಿಯ ಸ್ಟ್ರಾ ಹುಡುಕುತ್ತ ಕೆಲವು ಸೆಕೆಂಡು ಹೆಚ್ಚಾದರೆ ಉಳಿದ ಸ್ಟ್ರಾಗಳ ತಾಪ ಮರುಸ್ಫಟಿಕೀಕರಣ ನಡೆಯುವ ವಲಯಕ್ಕೆ ಏರಿ, ಮತ್ತೆ ಕೆಳಗಿಳಿಯುತ್ತದೆ. ಹೀಗೆ ಹತ್ತು ಸಲ ಎತ್ತಿಳಿಸಿದ ಸ್ಟ್ರಾ ನೋಡಲು ಹೊಸದರಂತೆಯೇ ಇರುತ್ತದೆ, ಒಳಗಿನ ವೀರ್ಯಾಣುಗಳು ಹಾಗಿರುವುದಿಲ್ಲ. ಹಸು ಮತ್ತೆ ಬೆದೆಗೆ ಬಂದಾಗ ರೈತ ಹಸುವನ್ನು ದೂರುತ್ತಾನೆ ಇಲ್ಲವೇ ಹೋರಿಯನ್ನು ದೂರುತ್ತಾನೆ. ಹಿಮಬಂಧಕ ಪದಾರ್ಥ ಸ್ವಭಾವತಃ ತಡೆಯಬಲ್ಲದ್ದು ಇದೇ ಬಗೆಯ ಹಾನಿಯನ್ನು. ಅದು ಬರುವವರೆಗೆ ಕಟ್ಟನ್ನು ಕುತ್ತಿಗೆಯ ಕೆಳಗೇ ಹಿಡಿದು, ಬೇಗ ತೆಗೆದು, ಬೇಗ ಇಳಿಸುವುದು ಯಾವ ಪ್ರೋಟೀನಿಗೂ ಕಡಿಮೆಯಿಲ್ಲದ ರಕ್ಷಣೆ.

ಇನ್ನೊಂದು ಬಳಕೆ ಅಪರೂಪದ ರಕ್ತದ್ದು. 1952ರಲ್ಲಿ ಮುಂಬಯಿಯಲ್ಲಿ ಮೊದಲು ಗುರುತಿಸಲಾದ ‘ಬಾಂಬೆ’ ರಕ್ತದ ಗುಂಪಿನವರಿಗೆ ಅದೇ ಗುಂಪಿನ ರಕ್ತ ಮಾತ್ರ ಹೊಂದುತ್ತದೆ, ದಾನಿಗಳು ತೀರ ವಿರಳ. ಕೆಂಪು ಕಣಗಳನ್ನು 40 ಪ್ರತಿಶತದಷ್ಟು ಗ್ಲಿಸರಾಲಿನಲ್ಲಿ ಹೆಪ್ಪುಗಟ್ಟಿಸಿ ಹತ್ತು ವರ್ಷ ಇಡಬಹುದು. ಆದರೆ ಕೊಡುವ ಮೊದಲು ಆ ಗ್ಲಿಸರಾಲನ್ನೆಲ್ಲ ಹಂತಹಂತವಾಗಿ ತೊಳೆಯಬೇಕು, ತುರ್ತಿನಲ್ಲಿ ಆ ಒಂದು ಗಂಟೆಯೇ ದೊಡ್ಡದು. 2015ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರಾಬರ್ಟ್ ಬೆನ್ ಅವರ ಗುಂಪು, ಮರುಸ್ಫಟಿಕೀಕರಣವನ್ನು ತಡೆಯುವ ಸಣ್ಣ ಸಕ್ಕರೆಯಾಧಾರಿತ ಅಣುಗಳನ್ನು ಸೇರಿಸಿದರೆ 15 ಪ್ರತಿಶತ ಗ್ಲಿಸರಾಲೇ ಸಾಕಾಗಬಹುದೆಂದು ತೋರಿಸಿತು. ಮೀನಿನ ಪ್ರೋಟೀನಿನ ಪಾಠ ಕಲಿತು, ಪ್ರೋಟೀನನ್ನು ಬಿಟ್ಟು ಮುಂದೆ ಹೋದ ಇಂತಹ ಪ್ರಯತ್ನಗಳೇ ಆಸ್ಪತ್ರೆಗೆ ಮೊದಲು ತಲುಪುತ್ತವೆ ಎಂಬುದು ನನ್ನ ಅಂದಾಜು. ಏಕೆಂದರೆ ಅಂಟಾರ್ಕ್ಟಿಕಾ ಮೀನಿನ ಗ್ಲೈಕೊಪ್ರೋಟೀನನ್ನು ರಕ್ತದಿಂದ ಶುದ್ಧೀಕರಿಸುವುದು ದುಬಾರಿ, ಸಕ್ಕರೆಗಳ ಕಾರಣದಿಂದ ಬ್ಯಾಕ್ಟೀರಿಯಾದಲ್ಲಿ ಸುಲಭವಾಗಿ ತಯಾರಾಗದು. ಪರಕೀಯ ಪ್ರೋಟೀನು ಮನುಷ್ಯನ ಮೈಗೆ ಹೋದರೆ ರೋಗನಿರೋಧಕ ವ್ಯವಸ್ಥೆ ಕೆರಳುವ ಭಯವೂ ಇದೆ. ಇದೇ ಕಾರಣಕ್ಕೆ ಪಾಲಿವಿನೈಲ್ ಆಲ್ಕೊಹಾಲ್ ಎಂಬ ಅಗ್ಗದ ಪಾಲಿಮರ್ ಗಮನ ಸೆಳೆದಿದೆ. ಪ್ರೋಟೀನೂ ಅಲ್ಲ, ಮೀನಿನದೂ ಅಲ್ಲ, ಆದರೆ ಹರಳು ಬೆಳೆಯದಂತೆ ಚೆನ್ನಾಗಿ ತಡೆಯುತ್ತದೆ. ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗಿಬ್ಸನ್ ಅವರ ತಂಡ 2014ರಲ್ಲಿ ಕೆಂಪು ರಕ್ತಕಣಗಳಲ್ಲಿ ಇದರ ಫಲವನ್ನು ತೋರಿಸಿತು.

ನಿಮ್ಮ ಪ್ರಾಜೆಕ್ಟಿಗೆ ನಾನು ಸೂಚಿಸುವುದೂ ಇದೇ ಪದಾರ್ಥವನ್ನು. ಕೋಶಗಳನ್ನು ಬೆಳೆಸುವ, ದ್ರವ ಸಾರಜನಕ ತರಿಸುವ ತಾಪತ್ರಯ ಬೇಡ. ಒಂದು ಲೋಹದ ತಟ್ಟೆಯನ್ನು ಒಣಮಂಜಿನ (ಡ್ರೈ ಐಸ್) ಮೇಲೆ ಇಟ್ಟು ತಣಿಸಿ, ಸಕ್ಕರೆಯ ದ್ರಾವಣದ 10 ಮೈಕ್ರೊಲೀಟರ್ ಹನಿಯನ್ನು ಒಂದೂವರೆ-ಎರಡು ಮೀಟರ್ ಎತ್ತರದಿಂದ ಬೀಳಿಸಿದರೆ ಅದು ತೆಳ್ಳನೆಯ ಮಂಜಿನ ಬಿಲ್ಲೆಯಾಗಿ ಹರಡುತ್ತದೆ. ಅದನ್ನು ಮೈನಸ್ 6ರಿಂದ ಮೈನಸ್ 8 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಸೂಕ್ಷ್ಮದರ್ಶಕದಲ್ಲಿ ಹರಳುಗಳ ಗಾತ್ರವನ್ನು ಅಳೆಯಬೇಕು. ನೈಟ್ ಅವರ ಕಾಲದಿಂದ ಬಂದ ಪರೀಕ್ಷೆಯಿದು. ಬರಿಯ ನೀರಿನಲ್ಲಿ ಮಾಡಬೇಡಿ. ಯಾವುದೇ ಗುಣವಿಲ್ಲದ ಪಾಲಿಮರುಗಳೂ ಅಲ್ಲಿ ಹಿಮಬಂಧಕಗಳಂತೆ ನಟಿಸುತ್ತವೆ, ಅದಕ್ಕಾಗಿಯೇ ಸಕ್ಕರೆ ಅಥವಾ ಉಪ್ಪು ಬೇಕು. ಒಂದು ಹನಿಗೆ ಪಾಲಿವಿನೈಲ್ ಆಲ್ಕೊಹಾಲ್, ಇನ್ನೊಂದಕ್ಕೆ ಅದೇ ತೂಕದ ಪಾಲಿಎಥಿಲೀನ್ ಗ್ಲೈಕಾಲ್, ಮೂರನೆಯದಕ್ಕೆ ಏನೂ ಇಲ್ಲ. ಎರಡನೆಯ ಮತ್ತು ಮೂರನೆಯ ಬಿಲ್ಲೆಗಳಲ್ಲಿ ಹರಳು ದಪ್ಪವಾಗಿ, ಮೊದಲನೆಯದರಲ್ಲಿ ಸಣ್ಣದಾಗಿ ಉಳಿದರೆ ನಿಮ್ಮ ಸಲಕರಣೆ ಸರಿಯಿದೆ ಎಂದರ್ಥ. ಕ್ಯಾರೆಟ್ಟಿನ ರಸವನ್ನು ಪರೀಕ್ಷಿಸುವ ಆಸೆಯಿದ್ದರೆ ಅದಾದ ಮೇಲೆ ಹೊರಡಿ. ಆ ಪ್ರೋಟೀನು ಚಳಿಗೆ ಒಡ್ಡಿಕೊಂಡ ಬೇರಿನಲ್ಲಿ ಮಾತ್ರ ಹೆಚ್ಚಾಗಿ ಮೂಡುತ್ತದೆ, ಆದ್ದರಿಂದ ಗಿಡಗಳನ್ನು ಕುಂಡದಲ್ಲಿ ಬೆಳೆಸಿ, ಕೆಲವು ವಾರ 4 ಡಿಗ್ರಿಯ ಆಸುಪಾಸಿನಲ್ಲಿ ಬೆಳಕಿನಡಿ ಇಟ್ಟು, ಹೊರಗೆ ಬೆಳೆದ ಅದೇ ತಳಿಯ ಕ್ಯಾರೆಟ್ಟಿನೊಂದಿಗೆ ಹೋಲಿಸಿ.